ಅಪ್ಪನ ಕಫ ಹೊರಬರುತ್ತಿಲ್ಲ, ನಾವೇ ಬೆನ್ನು ತಟ್ಟಬಹುದೇ?

ಪ್ರಶ್ನೆ: ಅಪ್ಪನಿಗೆ 71 ವರ್ಷ. ಬಲ ಶ್ವಾಸಕೋಶದ ಕೆಳಭಾಗದಲ್ಲಿ ತೀವ್ರ ನ್ಯುಮೋನಿಯಾ. ಐಸಿಯುನಿಂದ ವಾರ್ಡಿಗೆ ಬಂದಿದ್ದಾರೆ, ಆಮ್ಲಜನಕ ಇನ್ನೂ ಇದೆ. ಎದೆಯಲ್ಲಿ ಗೊರಗೊರ ಸದ್ದು, ಕೆಮ್ಮಲು ತ್ರಾಣವಿಲ್ಲ. ಫಿಸಿಯೋಥೆರಪಿಸ್ಟ್ ದಿನಕ್ಕೆ ಎರಡು ಸಲ ಬರುತ್ತಾರೆ. ನಡುವೆ ನಾವು ಏನು ಮಾಡಬಹುದು?

ಅಮ್ಮನನ್ನು ನೋಡಿಕೊಂಡವಳು: ಮೊದಲು ಅವರಿಂದಲೇ ಕಲಿತುಕೊಳ್ಳಿ. ನಾನು ಚಪ್ಪಟೆ ಕೈಯಿಂದ ಚಟಚಟ ಬಡಿದು ಅಮ್ಮನ ಬೆನ್ನು ಕೆಂಪಾಗಿಸಿದ್ದೆ. ನೀರು ಹಿಡಿಯುವಂತೆ ಅಂಗೈ ಗುಳಿಮಾಡಿ, ತೆಳು ಬಟ್ಟೆಯ ಮೇಲೆ ತಟ್ಟಿದರೆ ಟೊಪ್ ಟೊಪ್ ಎಂದು ಪೊಳ್ಳು ಸದ್ದು ಬರಬೇಕು. ಪಕ್ಕೆಲುಬಿನ ಮೇಲೆ ಮಾತ್ರ. ಬೆನ್ನುಮೂಳೆ, ಸೊಂಟದ ಕಡೆ ಬೇಡ. ಒಮ್ಮೆ ಊಟವಾದ ಕೂಡಲೇ ಮಾಡಿಸಿ ವಾಂತಿಯಾಯಿತು. ಆಮೇಲೆ ಎರಡು ಗಂಟೆ ಬಿಟ್ಟೇ ಮಾಡುತ್ತಿದ್ದೆ.

ನಿಜ ಹೇಳಬೇಕೆಂದರೆ, ಕಫ ತಂದದ್ದು ತಟ್ಟುವಿಕೆಗಿಂತ ‘ಹಫ್’. ಕನ್ನಡಕ ಒರೆಸುವ ಮುನ್ನ ಗಾಜಿನ ಮೇಲೆ ‘ಹಾ’ ಎಂದು ಉಸಿರು ಬಿಡುತ್ತೇವಲ್ಲ, ಹಾಗೆ, ಇನ್ನಷ್ಟು ಬಲವಾಗಿ. ನಾಲ್ಕೈದು ನಿಧಾನದ ಆಳವಾದ ಉಸಿರು, ಒಂದೆರಡು ಹಫ್, ಮತ್ತೆ ವಿಶ್ರಾಂತಿ. ಗಂಟಲಿಗೆ ಬಂದದ್ದನ್ನು ಕೆಮ್ಮಿ ಉಗಿಯಲು ಅಷ್ಟು ದಮ್ಮು ಸಾಕಾಗುತ್ತಿತ್ತು.

ಒಬ್ಬ ಫಿಸಿಯೋಥೆರಪಿಸ್ಟ್: ನ್ಯುಮೋನಿಯಾ ಎಂದೊಡನೆ ಎಲ್ಲರ ಬೆನ್ನನ್ನೂ ತಟ್ಟುವುದಿಲ್ಲ. ಗಾಳಿಚೀಲಗಳು ಉರಿಯೂತದ ದ್ರವದಿಂದ ಗಟ್ಟಿಯಾಗಿದ್ದರೆ ತಟ್ಟಿ ಕದಲಿಸಲು ಅಲ್ಲಿ ಕಫವೇ ಇರುವುದಿಲ್ಲ. ಅದು ಔಷಧಿಯಿಂದ ಕರಗಬೇಕು. ತಟ್ಟುವುದರಿಂದ ಸಾವು ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಪುರಾವೆಯೂ ಇಲ್ಲ. ನಿಮ್ಮ ತಂದೆಗೆ ಕಫವಿದೆ, ಕೆಮ್ಮಲಾಗುತ್ತಿಲ್ಲ, ಹಾಗಾಗಿ ಪ್ರಯೋಜನವಾದೀತು. ಎಡ ಮಗ್ಗುಲಿಗೆ ಮಲಗಿಸಬಹುದೇ ಎಂದು ಕೇಳಿ. ಒಳ್ಳೆಯ ಶ್ವಾಸಕೋಶ ಕೆಳಗಿದ್ದರೆ ಅಲ್ಲಿಗೆ ರಕ್ತ ಹೆಚ್ಚು ಹರಿದು ಆಮ್ಲಜನಕ ಸುಧಾರಿಸುತ್ತದೆ, ಮೇಲಿನ ಬಲಭಾಗದ ಕಫವೂ ಜಾರುತ್ತದೆ. ತಲೆ ತಗ್ಗಿಸಿ ಮಲಗಿಸುವ ಹಳೆಯ ಪದ್ಧತಿ ಉಬ್ಬಸದವರಿಗೆ ಬೇಡ. ಕಫದಲ್ಲಿ ರಕ್ತ, ಪಕ್ಕೆಲುಬು ಮುರಿತ, ಪ್ಲೇಟ್‌ಲೆಟ್ ಕೊರತೆ ಇದ್ದರೆ ತಟ್ಟಲೇಬೇಡಿ. ಬೆರಳಿನ ಆಕ್ಸಿಮೀಟರ್ ಸಂಖ್ಯೆ ಇಳಿದರೆ ನಿಲ್ಲಿಸಿ ನರ್ಸನ್ನು ಕರೆಯಿರಿ. ಹಫ್ ಕೂಡ ಆಗದಿದ್ದರೆ ಅವರೇ ನಳಿಕೆಯಿಂದ ಕಫ ಹೀರಿ ತೆಗೆಯುತ್ತಾರೆ.

ಇನ್ನೊಬ್ಬರು: ವೈದ್ಯರು ಒಪ್ಪಿದರೆ ಕುರ್ಚಿಯಲ್ಲಿ ಕೂರಿಸಿ. ನಮ್ಮ ಮಾವನಿಗೆ ಅರ್ಧ ಕಫ ಹೋದದ್ದು ಎದ್ದು ಕುಳಿತ ಮೇಲೆ.

ಪ್ರಶ್ನೆ ಕೇಳಿದವರು: ಇಂದು ತಟ್ಟಲಿಲ್ಲ, ಹಫ್ ಮಾತ್ರ ಮಾಡಿಸಿದೆವು. ಮೂರನೆಯದಕ್ಕೆ ಹಳದಿ ಗಟ್ಟಿ ಕಫ ಬಂತು. ಕುರ್ಚಿಯಲ್ಲಿ ಎಷ್ಟು ಹೊತ್ತು?

ಫಿಸಿಯೋಥೆರಪಿಸ್ಟ್: ಮೊದಲಿಗೆ 20 ನಿಮಿಷ. ಆಮ್ಲಜನಕದ ನಳಿಕೆ ಕುರ್ಚಿಯವರೆಗೆ ಮುಟ್ಟುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ.