ಮೊದಲ ಪೋಸ್ಟಿಂಗ್ ಶಕ್ತಿನಗರವೋ, ಶರಾವತಿಯೋ? ಅನುಭವ ಇದ್ದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಓದಿದ್ದೇನೆ. ಕೆಪಿಸಿಯಲ್ಲಿ, ಅಂದ್ರೆ ನಮ್ಮ ಕರ್ನಾಟಕ ವಿದ್ಯುತ್ ನಿಗಮದಲ್ಲಿ, ಇಂಜಿನಿಯರ್ ಕೆಲಸಕ್ಕೆ ಆಯ್ಕೆ ಆಗಿದ್ದೇನೆ. ರಾಯಚೂರು ಹತ್ತಿರದ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಹಾಕಬಹುದು ಅಂತ ಸುದ್ದಿ. ಮನೆಯಲ್ಲಿ ಎಲ್ಲರೂ "ಅಲ್ಲಿ ಬಿಸಿಲು, ಬೂದಿ. ಹೇಗಾದ್ರೂ ಮಾಡಿ ಜೋಗದ ಕಡೆ, ಶರಾವತಿ ಜಲವಿದ್ಯುತ್ ಕೇಂದ್ರಕ್ಕೆ ಹಾಕಿಸ್ಕೋ" ಅಂತಿದ್ದಾರೆ. ಹೆಂಡತಿ, ಪುಟ್ಟ ಮಗಳು ಇದ್ದಾರೆ. ನೀವಾಗಿದ್ದರೆ ಏನು ಮಾಡುತ್ತಿದ್ರಿ?

ಉತ್ತರ, ಶಕ್ತಿನಗರದ ಆಪರೇಷನ್ ವಿಭಾಗದಿಂದ

ಧೈರ್ಯವಾಗಿ ಬನ್ನಿ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಮೆಕ್ಯಾನಿಕಲ್‌ನವರಿಗೆ ಥರ್ಮಲ್‌ನಲ್ಲಿ, ಅಂದ್ರೆ ಕಲ್ಲಿದ್ದಲು ಸ್ಥಾವರದಲ್ಲಿ, ಸಿಗುವಷ್ಟು ಕಲಿಕೆ ಬೇರೆಲ್ಲೂ ಸಿಗಲ್ಲ. ಬಾಯ್ಲರ್, ಟರ್ಬೈನ್, ಕಲ್ಲಿದ್ದಲು ಪುಡಿ ಮಾಡುವ ಮಿಲ್, ಫ್ಯಾನ್, ಪಂಪು, ಕನ್ವೇಯರ್, ಕೂಲಿಂಗ್ ಟವರ್, ಎಲ್ಲ ಒಂದೇ ಕಾಂಪೌಂಡಿನೊಳಗೆ ಇವೆ. ಮೊದಲ ಯೂನಿಟ್ ಶುರುವಾದದ್ದು 1985ರಲ್ಲಿ. ಈಗ 210 ಮೆಗಾವಾಟ್‌ನ ಏಳು, 250ರ ಒಂದು, ಒಟ್ಟು 1720 ಮೆಗಾವಾಟ್. ಹಳೇ ಯೂನಿಟ್ ಅಂದ್ರೆ ರಿಪೇರಿ ಜಾಸ್ತಿ, ನಿಜ. ಆದರೆ ಹೊಸಬರಿಗೆ ಅದೇ ಪಾಠಶಾಲೆ.

ಒಂದು 210ರ ಯೂನಿಟ್ ಪೂರ್ತಿ ಲೋಡಿನಲ್ಲಿ ಓಡಿದರೆ ದಿನಕ್ಕೆ ಸುಮಾರು 3000 ಟನ್ ಕಲ್ಲಿದ್ದಲು ತಿನ್ನುತ್ತದೆ. ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. ವ್ಯಾಗನ್ ಟಿಪ್ಲರ್ ನೋಡೋಕೇ ಒಂದು ದಿನ ಹೋಗಿ. ತುಂಬಿದ ವ್ಯಾಗನ್ನನ್ನು ಹಿಡಿದು, ಹಳಿ ಸಮೇತ ಬೋರಲು ಹಾಕಿ ಸುರಿಯುತ್ತದೆ. ಮಳೆಗಾಲದಲ್ಲಿ ಇದೇ ಕಲ್ಲಿದ್ದಲು ಒದ್ದೆಯಾಗಿ, ಅದು ಇಳಿಯುವ ಕೊಳವೆಗಳಲ್ಲಿ, ಅಂದ್ರೆ ಶೂಟ್‌ಗಳಲ್ಲಿ, ಕಟ್ಟಿಕೊಳ್ಳುತ್ತದೆ. ಮಿಲ್‌ಗೆ ಬೇಕಾದಷ್ಟು ಇಳಿಯಲ್ಲ, ಬಾಯ್ಲರ್‌ನಲ್ಲಿ ಬೆಂಕಿ ಅಲುಗಾಡೋಕೆ ಶುರುವಾಗುತ್ತದೆ. ಬೆಂಕಿ ಆರದಂತೆ, ಎಣ್ಣೆ ಚಿಮ್ಮಿಸಿ ಉರಿಸುವ ಆಯಿಲ್ ಗನ್ ಹಾಕಬೇಕು. ಕೆಳಗೆ ಜನ ಸುತ್ತಿಗೆ ಹಿಡಿದು ಶೂಟ್ ಬಡಿಯುತ್ತಿರುತ್ತಾರೆ, ಮೇಲೆ ಕಂಟ್ರೋಲ್ ರೂಮಿನಲ್ಲಿ ನೀವು ಡ್ರಮ್ ಲೆವೆಲ್, ಅಂದ್ರೆ ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟ, ನೋಡುತ್ತಾ ಕೂತಿರುತ್ತೀರಿ. ಅವರ ಕೆಲಸಕ್ಕೂ ನಿಮ್ಮ ಕೆಲಸಕ್ಕೂ ಎಷ್ಟು ಹತ್ತಿರದ ಸಂಬಂಧ ಅಂತ ಆಗ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ನಾವು ಸೇರಿದ ಕಾಲದಲ್ಲಿ ಯೂನಿಟ್ ಒಮ್ಮೆ ಲೋಡಿಗೆ ಬಂದರೆ ಆರಾಮಾಗಿ ಓಡುತ್ತಿತ್ತು. ಈಗ ಪಾವಗಡದಲ್ಲೇ 2050 ಮೆಗಾವಾಟ್ ಸೋಲಾರ್ ಇದೆ, ಬೇರೆ ಕಡೆಯೂ ಬೇಕಾದಷ್ಟಿದೆ. ಹಾಗಾಗಿ ಮಧ್ಯಾಹ್ನ ಯಾವ ಸ್ಥಾವರ ಎಷ್ಟು ವಿದ್ಯುತ್ ಕೊಡಬೇಕು ಅಂತ ಹೇಳುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್‌ನವರು ಲೋಡ್ ಇಳಿಸಿ ಅಂತಾರೆ, ಸೂರ್ಯ ಮುಳುಗುವ ಹೊತ್ತಿಗೆ ಏರಿಸಿ ಅಂತಾರೆ. ಬಾಯ್ಲರ್ ಟ್ಯೂಬುಗಳಿಗೆ ಈ ಏರಿಳಿತ ಒಳ್ಳೆಯದಲ್ಲ. ಪೂರ್ತಿ ನಿಲ್ಲಿಸಿ ತಣ್ಣಗಾದ ಯೂನಿಟ್ಟನ್ನು ಮತ್ತೆ ಹೊತ್ತಿಸಿ ಗ್ರಿಡ್‌ಗೆ ಸೇರಿಸೋಕೆ ಹತ್ತು ಹನ್ನೆರಡು ಗಂಟೆಗೂ ಮೇಲೆ ಬೇಕು. ಅಂಥ ಒಂದು ಲೈಟಪ್‌ಗೆ ಮೊದಲಿಂದ ಕೊನೆತನಕ ನಿಂತುಬಿಡಿ. ಪೈಪುಗಳನ್ನು ಎಷ್ಟು ನಿಧಾನ ಬಿಸಿ ಮಾಡಬೇಕು, ಟರ್ಬೈನ್ ಯಾವ ವೇಗದಲ್ಲಿ ಎಷ್ಟು ಹೊತ್ತು ನಿಲ್ಲಬೇಕು, ಅದೆಲ್ಲ ಪುಸ್ತಕ ಓದಿದರೆ ತಲೆಗೆ ಹೋಗಲ್ಲ.

ಹಳೇ ಟೆಕ್ನಿಷಿಯನ್‌ಗಳು ಒಂದು ಕಬ್ಬಿಣದ ಸರಳನ್ನು ಬೇರಿಂಗಿಗೆ ಒತ್ತಿ, ಇನ್ನೊಂದು ತುದಿ ಕಿವಿಗೆ ಇಟ್ಟುಕೊಂಡು ಸದ್ದು ಕೇಳುತ್ತಾರೆ. ಮೀಟರ್ ಹೇಳುವುದಕ್ಕೆ ಮೊದಲೇ "ಇದು ಸರಿ ಇಲ್ಲ ಸರ್" ಅನ್ನುತ್ತಾರೆ. ಅವರ ಜೊತೆ ತಿರುಗಾಡಿ. ಗುತ್ತಿಗೆ ಮೇಲೆ ಇರುವ ಕೆಲಸಗಾರರಲ್ಲೂ ಎಷ್ಟೋ ವರ್ಷದ ಅನುಭವ ಇರುವವರಿದ್ದಾರೆ. ಅವರನ್ನು ಹೆಸರು ಹಿಡಿದು, ಮರ್ಯಾದೆ ಕೊಟ್ಟು ಮಾತಾಡಿಸಿ. ಹಾಗೇ, ಎಷ್ಟೇ ಅರ್ಜೆಂಟ್ ಇರಲಿ, ಪರ್ಮಿಟ್, ಅಂದ್ರೆ ಕೆಲಸಕ್ಕೆ ಲಿಖಿತ ಅನುಮತಿ, ಇಲ್ಲದೆ ಯಾರನ್ನೂ ಯಂತ್ರದ ಹತ್ತಿರ ಬಿಡಬೇಡಿ. ಸಣ್ಣ ವಾಲ್ವ್ ಆದರೂ ಅಷ್ಟೇ.

ಉತ್ತರ, ಕಾರ್ಗಲ್‌ನಿಂದ

ಮೇಲಿನವರು ಹೇಳಿದ್ದು ಬಹುಪಾಲು ಸರಿ. ಆದರೆ ಹೈಡ್ರೋದಲ್ಲಿ, ಅಂದ್ರೆ ಜಲವಿದ್ಯುತ್ತಿನಲ್ಲಿ, ಕಲಿಯೋಕೆ ಕಡಿಮೆ ಅನ್ನುವ ಹಾಗಿದ್ದರೆ ನಾನು ಒಪ್ಪಲ್ಲ. ಲಿಂಗನಮಕ್ಕಿಯ ನೀರನ್ನೇ ನೋಡಿ. ಅಣೆಕಟ್ಟಿನ ಬುಡದಲ್ಲಿ 55 ಮೆಗಾವಾಟ್, ಅಲ್ಲಿಂದ ತಳಕಳಲೆಗೆ ಹೋಗಿ ಪೆನ್‌ಸ್ಟಾಕ್ ಅನ್ನುವ ದೊಡ್ಡ ಪೈಪಿನಲ್ಲಿ ಇಳಿದರೆ ಶರಾವತಿ ವಿದ್ಯುದಾಗಾರದಲ್ಲಿ 1035, ಕೆಳಗೆ ಗೇರುಸೊಪ್ಪದಲ್ಲಿ ಇನ್ನೊಂದು 240. ಒಂದೇ ನೀರು ಮೂರು ಸಲ ದುಡಿಯುತ್ತದೆ. ಶರಾವತಿಯ ಹತ್ತು ಯೂನಿಟ್‌ಗಳೂ ನೀರಿನ ಧಾರೆ ಹೊಡೆದು ತಿರುಗುವ ಪೆಲ್ಟನ್ ಚಕ್ರದವು. ಮೊದಲನೆಯವು ಅರವತ್ತರ ದಶಕದವು, ಇವತ್ತಿಗೂ ದುಡಿಯುತ್ತಿವೆ. ಸಂಜೆ ಹೊತ್ತು ರಾಜ್ಯದಲ್ಲಿ ಬೇಡಿಕೆ ಏರಿದಾಗ ನಮ್ಮ ಯೂನಿಟ್ ಕೆಲವೇ ನಿಮಿಷದಲ್ಲಿ ಗ್ರಿಡ್‌ಗೆ ಸೇರುತ್ತದೆ. ಬಾಯ್ಲರ್ ಕಾಯೋ ಮಾತೇ ಇಲ್ಲ.

ಕಷ್ಟವೂ ಇದೆ. ಮಳೆ ಹಿಡಿದರೆ ವಾರಗಟ್ಟಲೆ ಬಿಡಲ್ಲ, ಬಟ್ಟೆ ಒಣಗಲ್ಲ. ದೊಡ್ಡ ಆಸ್ಪತ್ರೆ ಬೇಕು ಅಂದ್ರೆ ಸಾಗರಕ್ಕೆ ಓಡಬೇಕು, ಇನ್ನೂ ದೊಡ್ಡದಕ್ಕೆ ಶಿವಮೊಗ್ಗ. ಪುಟ್ಟ ಮಗು ಇದೆ ಅಂದಿರಿ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಎಲ್ಲೇ ಹೋದರೂ ಆ ಊರಿನ ಕಥೆ ತಿಳ್ಕೊಳ್ಳಿ. ಲಿಂಗನಮಕ್ಕಿಗಾಗಿ ಮನೆ, ತೋಟ ಬಿಟ್ಟು ಬಂದ ಮುಳುಗಡೆ ಕುಟುಂಬಗಳು ಇವತ್ತಿಗೂ ಜಮೀನಿನ ಹಕ್ಕಿಗೆ ಅಲೆಯುತ್ತಿವೆ. ಈಗ ತಳಕಳಲೆಗೂ ಗೇರುಸೊಪ್ಪಕ್ಕೂ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದ್ರೆ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ಮಾಡುವ ಯೋಜನೆ, ಅಂದಾಗ ಜನ ಯಾಕೆ ಹೆದರುತ್ತಾರೆ ಅಂತ ಆಗ ಅರ್ಥವಾಗುತ್ತದೆ. ಅದು ಸಿಂಗಳೀಕಗಳ ಕಾಡು ಕೂಡ. ಸಂತೆಗೆ ಹೋದಾಗ ಯಾರಾದರೂ ಖಾರವಾಗಿ ಮಾತಾಡಿದರೆ ವಾದಕ್ಕೆ ಇಳಿಯಬೇಡಿ, ಕೇಳಿಸ್ಕೊಳ್ಳಿ.

ಉತ್ತರ, ಶಕ್ತಿನಗರ ಕಾಲೋನಿಯಿಂದ ಒಬ್ಬ ಗೃಹಿಣಿ

ತಮ್ಮಾ, ನಿಮ್ಮ ಹೆಂಡತಿಗೆ ಇದನ್ನು ಓದಿಸಿ. ನಾನು ಮಲೆನಾಡಿನವಳು. ಏಪ್ರಿಲ್, ಮೇ ನಿಜಕ್ಕೂ ಕಷ್ಟ, ನಲವತ್ತು ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮಗುವನ್ನು ಹೊರಗೆ ಬಿಡಲ್ಲ, ಅಷ್ಟೇ. ಗಾಳಿ ಈ ಕಡೆ ಬೀಸಿದ ದಿನ ಕಿಟಕಿ ಮುಚ್ಚಿ, ಬಟ್ಟೆ ಒಳಗೆ ಒಣಗಿಸ್ತೀವಿ. ಮಗುವಿಗೆ ಉಬ್ಬಸ, ಅಲರ್ಜಿ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ ತೀರ್ಮಾನಿಸಿ. ಈ ವಿಷಯದಲ್ಲಿ ಯಾರ ಧೈರ್ಯದ ಮಾತಿಗೂ ಕಿವಿಗೊಡಬೇಡಿ.

ಉಳಿದಂತೆ ಇದು ತುಂಬಿದ ಊರು. ಪಕ್ಕದಲ್ಲೇ ಕೃಷ್ಣಾ ನದಿ, ದೇವಸೂಗೂರಿನ ಸೂಗೂರೇಶ್ವರ ಗುಡಿ. ಗಂಡ ರಾತ್ರಿ ಪಾಳಿಯಲ್ಲಿದ್ದಾಗ ಮಗುವಿಗೆ ಜ್ವರ ಬಂದರೆ ಪಕ್ಕದ ಮನೆಯವರೇ ಗಾಡಿ ತೆಗೆಯುತ್ತಾರೆ. ನನಗೆ ಇಲ್ಲಿ ಸಿಕ್ಕ ಗೆಳತಿಯರು ತವರಿನಲ್ಲೂ ಇಲ್ಲ.

ಉತ್ತರ, ಕುಡತಿನಿಯಿಂದ

ಬಳ್ಳಾರಿ ಥರ್ಮಲ್ ಸ್ಥಾವರವನ್ನೂ ಮರೀಬೇಡಿ. ಇಲ್ಲಿ 500ರ ಎರಡು, 700ರ ಒಂದು, ಒಟ್ಟು 1700. ದಾವಣಗೆರೆಗೂ ಹತ್ತಿರ. ರಾಯಚೂರಿನ ಪಕ್ಕ ಯರಮರಸ್‌ನಲ್ಲಿ 800ರ ಎರಡು ಯೂನಿಟ್ ಇವೆ, ಅವು ಸೂಪರ್ ಕ್ರಿಟಿಕಲ್, ಅಂದ್ರೆ ತುಂಬಾ ಹೆಚ್ಚಿನ ಒತ್ತಡದಲ್ಲಿ ಓಡುವವು, ಡ್ರಮ್ಮೇ ಇಲ್ಲ. ಮೊದಲು ಶಕ್ತಿನಗರದ ಡ್ರಮ್ ಬಾಯ್ಲರ್ ಮೇಲೆ ಕೈ ಕೂತರೆ ಆಮೇಲೆ ಇವು ಸಲೀಸು.

ಮತ್ತೆ ದಾವಣಗೆರೆಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ ಬರೆದದ್ದನ್ನು ಮನೆಯವಳಿಗೆ ಓದಿಸಿದೆ, ಮಗಳಿಗೆ ಅಲರ್ಜಿ ಏನೂ ಇಲ್ಲ. ಶಕ್ತಿನಗರ ಬಂದರೆ ಹೋಗೋಣ ಅಂದಳು. ಬರುವಾಗ ಏನೇನು ತರಬೇಕು?

ಉತ್ತರ, ಶಕ್ತಿನಗರದ ಆಪರೇಷನ್ ವಿಭಾಗದಿಂದ

ಹತ್ತಿ ಬಟ್ಟೆ ಜಾಸ್ತಿ ತನ್ನಿ, ಬಾಯ್ಲರ್ ಹತ್ತಿರ ಸಿಂಥೆಟಿಕ್ ಬೇಡವೇ ಬೇಡ. ಕೂಲರ್ ಹೊತ್ತು ತರಬೇಡಿ, ರಾಯಚೂರಲ್ಲೇ ಸಿಗುತ್ತದೆ. ಮೊದಲು ನೀವೊಬ್ಬರೇ ಬಂದು ಡ್ಯೂಟಿಗೆ ಸೇರಿ, ಮನೆ ಸಿಕ್ಕ ಮೇಲೆ ಅವರನ್ನು ಕರೆಸಿಕೊಳ್ಳಿ. ಹೊಸಪೇಟೆ, ಗಂಗಾವತಿ, ಸಿಂಧನೂರು, ಮಾನ್ವಿ ಮೇಲೆ ಬಸ್ಸಿದೆ. ರಾತ್ರಿ ಬಸ್ ಹಿಡಿದರೆ ಬಿಸಿಲು ಏರುವ ಮೊದಲೇ ತಲುಪುತ್ತೀರಿ.