ಹಳೇ ಡೀಸೆಲ್ ಗಾಡಿ, ಘಾಟಲ್ಲಿ ಎಳೀತಾನೇ ಇಲ್ಲ, ಟರ್ಬೊ ಹೋಗಿದೆ ಅಂತಾರೆ, ನಿಜಾನಾ?

ಹಾಸನದ ಹುಡುಗ:
ನಮಸ್ಕಾರ ಎಲ್ರಿಗೂ. ಅಪ್ಪನ ಗಾಡಿ, 2012ರ ಡೀಸೆಲ್ ಹ್ಯಾಚ್‌ಬ್ಯಾಕ್, 1.3 ಲೀಟರ್, ಇಂಜಿನ್‌ಗೆ ಗಾಳಿ ಒತ್ತಿ ತುಂಬೋ ಟರ್ಬೊ ಇರೋದು, 1 ಲಕ್ಷ 68 ಸಾವಿರ ಓಡಿದೆ. ಕಂಪನಿ ಹೆಸರು ಹಾಕಲ್ಲ, ಹಾಕಿದ್ರೆ ಯಾವ ಕಂಪನಿ ಒಳ್ಳೇದು ಅಂತ ಜಗಳ ಶುರುವಾಗಿ ನನ್ ಪ್ರಶ್ನೆ ಅಲ್ಲೇ ಉಳ್ಕೊಳತ್ತೆ. ಒಂದೂವರೆ ತಿಂಗಳಿಂದ ಪಿಕಪ್ ಇಲ್ಲ. ಊರೊಳಗೆ ಅಷ್ಟು ಗೊತ್ತಾಗಲ್ಲ, ಆದ್ರೆ ಹೋದ ವಾರ ಧರ್ಮಸ್ಥಳಕ್ಕೆ ಹೋಗಿ ವಾಪಸ್ ಶಿರಾಡಿ ಹತ್ತೋವಾಗ ಮಾನ ಹೋಯ್ತು, ಗುಂಡ್ಯ ದಾಟಿದ್ ಮೇಲೆ ಮೂರನೇ ಗೇರಲ್ಲಿ ಪೆಡಲ್ ನೆಲಕ್ಕೆ ಒತ್ತಿದ್ರೂ 40 ದಾಟಲ್ಲ, ಗ್ಯಾಸ್ ಟ್ಯಾಂಕರ್ ಒಂದನ್ನ ಓವರ್‌ಟೇಕ್ ಮಾಡೋಣ ಅಂತ ಹೊರಗೆ ಬಂದು ಆಗದೆ ಮತ್ತೆ ಅದರ ಹಿಂದೇನೇ ಸೇರ್ಕೊಂಡೆ, ಅಪ್ಪ ಪಕ್ಕದಲ್ಲಿ ಕೂತು ಒಂದ್ ಮಾತೂ ಆಡ್ಲಿಲ್ಲ. ಮೊದ್ಲು 2000 ಆರ್‌ಪಿಎಂ ಆದ್ಮೇಲೆ ಬೆನ್ನಿಗೆ ಒಂದು ತಳ್ಳು ಸಿಗ್ತಿತ್ತು, ಅದು ಪೂರ್ತಿ ಮಾಯ. ಮೈಲೇಜ್ 20 ಇದ್ದಿದ್ದು 15ಕ್ಕೆ ಬಂದಿದೆ. ಇಂಜಿನ್ ಲೈಟ್ ಏನೂ ಬಂದಿಲ್ಲ, ಏರ್ ಫಿಲ್ಟರ್ ಹೊಸದು ಹಾಕಿದೀನಿ. ಇಲ್ಲಿ ಒಬ್ರು ಮೆಕ್ಯಾನಿಕ್ ನಿಂತಲ್ಲೇ ಎರಡ್ ಸಲ ರೇಸ್ ಕೊಟ್ಟು ನೋಡಿ ಟರ್ಬೊ ಹೋಗಿದೆ, 35 ಸಾವಿರ ರೆಡಿ ಮಾಡ್ಕೊಳ್ಳಿ ಅಂದ್ರು. ಮಾಡಿಸ್ಲಾ?

ಘಾಟ್ ಸೆಕ್ಷನ್:
ದುಡ್ಡು ಕೊಡ್ಬೇಡಿ ಸರ್, ನಿಲ್ಲಿ. ಮೊದ್ಲು ಹೊಗೆ ಯಾವ ಬಣ್ಣ ಹೇಳಿ. ಆಮೇಲೆ ಖಾಲಿ ರೋಡಲ್ಲಿ ನಾಲ್ಕನೇ ಗೇರಲ್ಲಿ 50ರಲ್ಲಿ ಹೋಗ್ತಾ ಒಮ್ಮೆಲೇ ಪೂರ್ತಿ ಒತ್ತಿ ನೋಡಿ, ಆರ್‌ಪಿಎಂ ಮುಳ್ಳು ಮಾತ್ರ ಮೇಲೆ ಓಡಿ ಸ್ಪೀಡ್ ಏರಲಿಲ್ಲ ಅಂದ್ರೆ ಕ್ಲಚ್ ಜಾರ್ತಿದೆ, ಇಂಜಿನ್ ತಂಟೆಗೇ ಹೋಗೋದು ಬೇಡ. ಇನ್ನೊಂದು, 10 ಕಿಲೋಮೀಟರ್ ಓಡ್ಸಿ ನಿಲ್ಸಿ ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡಿ, ಮುಟ್ಬೇಡಿ, ಒಂದು ಮಾತ್ರ ಕಾದಿದ್ರೆ ಅಲ್ಲಿ ಬ್ರೇಕ್ ಹಿಡ್ಕೊಂಡಿದೆ. ನನ್ ತಮ್ಮ ಇದೇ ಥರ ಪಿಕಪ್ ಇಲ್ಲ ಅಂತ ನೋಸಲ್ ಎಲ್ಲಾ ಬಿಚ್ಚಿಸಿ ಕೊನೆಗೆ ಹಿಂದಿನ ಬ್ರೇಕ್ ಜಾಮ್ ಆಗಿತ್ತು.

ಫುಲ್ ಟ್ಯಾಂಕ್:
ಇಂಜೆಕ್ಟರ್ ಕ್ಲೀನರ್ ಒಂದ್ ಬಾಟ್ಲಿ ಟ್ಯಾಂಕಿಗೆ ಹಾಕಿ ಬ್ರೋ, ಎಲ್ಲಾ ಕ್ಲಿಯರ್ ಆಗತ್ತೆ.

ಹಾಸನದ ಹುಡುಗ:
ಬಾಟ್ಲಿ ಆಗ್ಲೇ ಹಾಕಾಯ್ತು ಬ್ರೋ, ಜೇಬು ಮಾತ್ರ ಕ್ಲಿಯರ್ ಆಯ್ತು. ಘಾಟ್ ಸೆಕ್ಷನ್ ಸರ್, ಕ್ಲಚ್ ಸರಿ ಇದೆ, ಚಕ್ರ ಎಲ್ಲಾ ಒಂದೇ ಥರ ಬೆಚ್ಚಗಿತ್ತು. ಹೊಗೆ ಕಪ್ಪು, ಜಾಸ್ತಿ ಒತ್ತಿದಾಗ ಮಾತ್ರ ಮೋಡದ ಥರ ಬರತ್ತೆ. ಇನ್ನೊಂದು ಹೇಳೋದು ಮರ್ತಿದ್ದೆ, ಏರಲ್ಲಿ ಬಾನೆಟ್ ಒಳಗಿಂದ ಕುಕ್ಕರ್ ವಿಶಲ್‌ಗೆ ಮುಂಚೆ ಬರತ್ತಲ್ಲ ಆ ಥರ ಸುಯ್ಯ್ ಅಂತ ಶಬ್ದ.

ಹುಬ್ಬಳ್ಳಿ ಗ್ಯಾರೇಜ್:
ಅಣ್ಣಾರ, ಕಪ್ಪು ಹೊಗಿ, ಕುಕ್ಕರ್ ಸಪ್ಪಳ, ಎರಡೂ ಹೇಳಿದ ಮ್ಯಾಲ ಬಹುತೇಕ ಪೈಪ್ ಹರದೈತಿ ಅಂತ ತಿಳ್ಕೋರಿ. ಟರ್ಬೊದಿಂದ ಆ ಬಿಸಿ ಗಾಳಿ ತಣ್ಣಗ ಮಾಡೋ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ರಬ್ಬರ್ ಹೋಸ್ ಇರ್ತಾವ, ವರ್ಷಾನುಗಟ್ಲೆ ಬಿಸಿ ಮತ್ತ ಎಣ್ಣಿ ತಿಂದು ತಿಂದು ಸೀಳತಾವ. ಗಾಳಿ ಅಳೆಯೋ ಸೆನ್ಸರ್ ಏರ್ ಫಿಲ್ಟರ್ ಬಾಜೂ ಕುಂತಿರ್ತೈತಿ, ಅದು ಅಳದಾದ ಮ್ಯಾಲ ದಾರ್ಯಾಗ ಗಾಳಿ ಸೋರಿದ್ದು ಕಂಪ್ಯೂಟರ್‌ಗೆ ಗೊತ್ತಾಗಂಗಿಲ್ಲ, ಬಂದಷ್ಟ ಗಾಳಿ ಒಳಗ ಹೋಗೈತಿ ಅಂತ ಡೀಸೆಲ್ ಹೊಡೀತೈತಿ, ಸುಡಾಕ ಗಾಳಿ ಸಾಲಂಗಿಲ್ಲ, ಅದಕ್ಕ ಕಪ್ಪು ಹೊಗಿ, ಅದಕ್ಕ ಮೈಲೇಜೂ ಹೋತು. ನಿಂತಲ್ಲೇ ರೇಸ್ ಕೊಟ್ರ ಇಂಜಿನ್ ಮ್ಯಾಲ ಲೋಡ್ ಇರಂಗಿಲ್ಲ, ಟರ್ಬೊ ಪ್ರೆಶರ್ ಅಷ್ಟೇನೂ ಕಟ್ಟಂಗಿಲ್ಲ, ಹಂಗ ನೋಡಿ ಟರ್ಬೊ ಹೋಗೈತಿ ಅನ್ನೂದು ಮುಖ ನೋಡಿ ಜ್ವರ ಎಷ್ಟೈತಿ ಅಂತ ಹೇಳಿದಂಗ.
ಟರ್ಬೊ ನೋಡೂದಿದ್ರ ಇಂಜಿನ್ ತಣ್ಣಗಾದ ಮ್ಯಾಲ ಗಾಳಿ ಒಳಗ ಹೋಗೋ ಕಡಿ ಪೈಪ್ ಬಿಚ್ಚಿ ಫ್ಯಾನ್ ಬೆರಳಿಂದ ತಿರುಗಿಸ್ರಿ. ಆ ಕಡಿ ಈ ಕಡಿ ಸ್ವಲ್ಪ ಅಲ್ಲಾಡಿದ್ರ ಚಿಂತಿ ಬ್ಯಾಡ. ಹಿಂದ ಮುಂದ ಜಗ್ಗಿದ್ರ ಆಡಬಾರದು, ರೆಕ್ಕಿ ಗ್ವಾಡಿಗೆ ತಾಗಬಾರದು. ಮೊದಲ ಪೈಪ್ ಹುಡುಕ್ರಿ, ಎಣ್ಣಿ ಧೂಳು ಅಂಟಿದ ಜಾಗ ಎಲ್ಲೈತಿ ನೋಡ್ರಿ, ಕೆಳಗಿನ ತಿರುವು ಬಿಡಬ್ಯಾಡ್ರಿ.

ಡೇಟಾ ಇದ್ರೆ ಮಾತು:
ಮೇಲಿನವರು ಹೇಳಿದ್ದು ಸರಿ, ಅದರ ಜೊತೆ ಗಾಡಿ ಕಂಪ್ಯೂಟರ್ ರೀಡಿಂಗ್ ಫೋನಲ್ಲಿ ತೋರ್ಸೋ ಒಂದು ಓಬಿಡಿ ಬ್ಲೂಟೂತ್ ಡಾಂಗಲ್ ತಗೊಳ್ಳಿ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಮ್ಯಾಪ್ ರೀಡಿಂಗ್, ಅಂದ್ರೆ ಇಂಜಿನ್ ಒಳಗೆ ಹೋಗೋ ಗಾಳಿ ಪ್ರೆಶರ್, ನೋಡಿ, ಹಾಸನ ಅಂದ್ರೆ 90 ಕಿಲೊಪಾಸ್ಕಲ್ ಹತ್ರ ಬರ್ಬೇಕು, ಮಂಗಳೂರಲ್ಲಿ 100. ಆಮೇಲೆ ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಂಡು ಏರಲ್ಲಿ ಮೂರನೇ ಗೇರಲ್ಲಿ ಪೂರ್ತಿ ಒತ್ತಿ, 2500 ಆರ್‌ಪಿಎಂನಲ್ಲಿ 200ರ ಆಸುಪಾಸು ಹೋಗ್ಬೇಕು. 120ರಲ್ಲೇ ನಿಂತ್ರೆ ತೊಂದ್ರೆ ಗಾಳಿ ಕಡೆ. ಅದು ಸರಿ ಇದ್ದು ರೈಲ್ ಪ್ರೆಶರ್ (ಇಂಜೆಕ್ಟರ್‌ಗೆ ಹೋಗೋ ಡೀಸೆಲ್ ಪ್ರೆಶರ್) ಮಾತ್ರ ಕಂಪ್ಯೂಟರ್ ಕೇಳಿದ್ದಕ್ಕಿಂತ ಕಮ್ಮಿ ಬರ್ತಿದ್ರೆ ಡೀಸೆಲ್ ಕಡೆ, ಮೊದ್ಲು ಡೀಸೆಲ್ ಫಿಲ್ಟರ್ ಬದಲಾಯ್ಸಿ. ಅದನ್ನ ಯಾವಾಗ ಹಾಕ್ಸಿದ್ದು ಅಂತ ನೀವು ಹೇಳೇ ಇಲ್ಲ.

ಹಾಸನದ ಹುಡುಗ:
ಡೀಸೆಲ್ ಫಿಲ್ಟರ್ ಯಾವಾಗ ಹಾಕ್ಸಿದ್ದು ಅಂತ ಅಪ್ಪನ್ನ ಕೇಳಿದ್ರೆ ಅದೂ ಒಂದಿದ್ಯಾ ಅಂದ್ರು, ಹಾಗಾಗಿ ಹೊಸದು ಹಾಕ್ಸಿದೆ. ಪಿಕಪ್‌ಗೆ ಏನೂ ವ್ಯತ್ಯಾಸ ಆಗ್ಲಿಲ್ಲ. ಡಾಂಗಲ್ ಸ್ನೇಹಿತನದ್ದು ತಂದೆ, ಕೀ ಆನ್‌ಗೆ 90, ಏರಲ್ಲಿ ಎಷ್ಟ್ ಒತ್ತಿದ್ರೂ 116. ಭಾನುವಾರ ಗಾಡಿ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ಟಾರ್ಚ್ ಹಿಡ್ಕೊಂಡು ಮಲಗಿದೆ. ಮೇಲಿನ ಹೋಸ್ ಹೊಸದರ ಹಾಗೇ ಇದೆ. ಕೆಳಗಿನದ್ದು ಇಂಟರ್‌ಕೂಲರ್‌ಗೆ ಸೇರೋ ತಿರುವಲ್ಲಿ ಎಣ್ಣೆ ಮಣ್ಣು ಮೆತ್ಕೊಂಡು ಕಪ್ಪಗಿತ್ತು, ಬಟ್ಟೆಲಿ ಒರೆಸಿದ್ರೆ ಒಂದ್ ಗೆರೆ ಅಷ್ಟೆ, ಇದೇನಿದು ಅಂತ ಎರಡೂ ಕಡೆಯಿಂದ ಹಿಸುಕಿದೆ ನೋಡಿ, ಮೀನು ಬಾಯಿ ಬಿಟ್ಟ ಹಾಗೆ ತೆರ್ಕೊಳ್ತು, ಕಿರುಬೆರಳು ಉಗುರು ಮುಳುಗೋವರೆಗೂ ಒಳಗೆ ಹೋಯ್ತು. ಕೈ ಬಿಟ್ರೆ ಮತ್ತೆ ಮುಚ್ಚಿಕೊಳ್ಳತ್ತೆ, ಏನೂ ಆಗೇ ಇಲ್ಲ ಅನ್ನೋ ಹಾಗೆ.
ಪೈಪ್ 1,850, ಎರಡು ಕ್ಲಿಪ್ 120. ಈಗ 204 ತೋರಿಸ್ತಿದೆ. ಸುಯ್ಯ್ ನಿಂತಿದೆ. ಆದ್ರೆ 1800 ಆರ್‌ಪಿಎಂ ಒಳಗೆ ಇನ್ನೂ ಸ್ವಲ್ಪ ಮಂಕು ಅನ್ಸತ್ತೆ, ಅದು ಮೊದ್ಲಿಂದಾನೂ ಹಾಗೇನಾ ನಂಗೇ ಮರ್ತೋಗಿದೆ.

ಹುಬ್ಬಳ್ಳಿ ಗ್ಯಾರೇಜ್:
ಆ ರೇಂಜಿನಾಗ ಈ ಥರದ ಸಣ್ಣ ಡೀಸೆಲ್ ಸ್ವಲ್ಪ ಮಂಕ ಇರ್ತಾವ, ಟರ್ಬೊ ಎದ್ದೇಳಾಕ ಟೈಮ್ ಬೇಕ. ಆದ್ರ ಇಷ್ಟ ದಿವಸ ಕಪ್ಪು ಹೊಗಿ ಬಿಟ್ಟೈತಿ, ಹೊಗಿ ಸ್ವಲ್ಪ ವಾಪಸ್ ಇಂಜಿನ್‌ಗೆ ಕಳಿಸೋ ಇಜಿಆರ್ ವಾಲ್ವ್‌ನಾಗ ಮಸಿ ಕಟ್ಟಿರ್ತೈತಿ, ಒಮ್ಮಿ ಬಿಚ್ಚಿ ತೊಳಸ್ರಿ. ಪೂರ್ತಿ ಮುಚ್ಚಿಸಿಬಿಡ್ರಿ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ. ಹೊಸ ಕ್ಲಿಪ್ ನೂರಿನ್ನೂರು ಕಿಲೋಮೀಟರ್ ಓಡಿದ ಮ್ಯಾಲ ಇನ್ನೊಮ್ಮೆ ಬಿಗಿ ಮಾಡ್ರಿ.

ಹಾಸನದ ಹುಡುಗ:
ಆಯ್ತಣ್ಣ, ಮುಂದಿನ ವಾರ ತೊಳೆಸ್ತೀನಿ. ಇವತ್ತು ಅಪ್ಪ ಒಬ್ರೇ ಸಕಲೇಶಪುರಕ್ಕೆ ಹೋಗಿ ಬಂದ್ರು. ಹೇಗಿತ್ತು ಗಾಡಿ ಅಂತ ಕೇಳ್ದೆ. ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇದೆ ನೋಡು ಅಂದ್ರು, ಅಷ್ಟೆ.