ಕುಂಸಿ ಹತ್ತಿರ ಸಿಕ್ಕ ಕಲ್ಲಿನ ಮೇಲೆ ಜರಿಗಿಡದ ಅಚ್ಚು: ಇದು ಪಳೆಯುಳಿಕೆಯೇ?

ತೋಟದಮನೆ_ಕುಂಸಿ

ನಮಸ್ಕಾರ. ತೋಟಕ್ಕೆ ಬಸಿಗಾಲುವೆ ತೆಗೆಸುವಾಗ ಜೆಸಿಬಿ ಬಕೆಟ್‌ನಲ್ಲಿ ಬಂದ ಎರಡು ಕಲ್ಲುಗಳ ಫೋಟೊ ಹಾಕಿದ್ದೇನೆ. ಒಂದನೆಯದು ಅಂಗೈ ಅಗಲದ ಬೂದು ಬಣ್ಣದ ಚಪ್ಪಟೆ ಕಲ್ಲು. ಸೀಳಿದ ಮುಖದ ಮೇಲೆ ಕಪ್ಪಗೆ ಜರಿಗಿಡದ ಎಲೆ ಅಚ್ಚೊತ್ತಿದ ಹಾಗಿದೆ. ಎರಡನೆಯದು ಕೆಂಪು-ಕಂದು, ಒಳಗೆಲ್ಲ ಕೊಳವೆ ಕೊಳವೆ, ಮುರಿದ ಮೂಳೆಯ ಹಾಗೆ. ನಾಲಿಗೆಗೆ ತಾಗಿಸಿದರೆ ಅಂಟುತ್ತದೆ. ಮೂಳೆಯ ಪಳೆಯುಳಿಕೆ ಹೀಗೇ ಅಂಟುತ್ತದೆ ಎಂದು ಓದಿದ್ದೇನೆ. ಫೋನಿನ ಆ್ಯಪ್ ಒಂದನೆಯದನ್ನು ಜರಿಗಿಡದ ಪಳೆಯುಳಿಕೆ ಎಂದು ತೋರಿಸಿತು. ತಿಳಿದವರು ಹೇಳಿ. ಇನ್ನೇನಾದರೂ ಮಾಹಿತಿ ಬೇಕಿದ್ದರೆ ಕೊಡುತ್ತೇನೆ.

ಶಿಲಾಪದರ

ಎರಡೂ ಪಳೆಯುಳಿಕೆ ಅಲ್ಲ. ಒಂದನೆಯದು ಡೆಂಡ್ರೈಟ್, ಅಂದರೆ ಬಿರುಕಿನೊಳಗೆ ನೀರಿನ ಜೊತೆ ಇಳಿದ ಮ್ಯಾಂಗನೀಸ್ ಆಕ್ಸೈಡ್ ಕವಲೊಡೆದು ಹರಳುಗಟ್ಟಿದ್ದು. ಎರಡನೆಯದು ಜಂಬಿಟ್ಟಿಗೆ (ಲ್ಯಾಟರೈಟ್), ಅಂದರೆ ಕಬ್ಬಿಣದ ಅಂಶ ತುಂಬಿದ, ರಂಧ್ರ ರಂಧ್ರವಾದ ಕೆಂಪು ಕಲ್ಲು.

ಆ್ಯಪ್ ನೋಡುವುದು ಆಕಾರವನ್ನು ಮಾತ್ರ. ಕಲ್ಲು ಎಲ್ಲಿಯದು ಎಂಬುದು ಅದಕ್ಕೆ ಗೊತ್ತಿಲ್ಲ. ಗುರುತಿಸುವ ಕೆಲಸದಲ್ಲಿ ಅರ್ಧ ಉತ್ತರ ಇರುವುದೇ ಜಾಗದಲ್ಲಿ. ಶಿವಮೊಗ್ಗ ಜಿಲ್ಲೆಯ ಕುಂಸಿ ಸೀಮೆಯ ಬಂಡೆಗಳು ಧಾರವಾಡ ಶಿಲಾಸಮೂಹದವು, 250 ಕೋಟಿ ವರ್ಷಕ್ಕಿಂತ ಹಳೆಯವು. ನೆಲದ ಮೇಲೆ ಗಿಡ ಹುಟ್ಟಿದ್ದೇ ಸುಮಾರು 47 ಕೋಟಿ ವರ್ಷದ ಹಿಂದೆ. ಜರಿಗಿಡ ಬಂದದ್ದು ಅದಕ್ಕೂ ಎಷ್ಟೋ ಈಚೆಗೆ. ಆ ಬಂಡೆಯೊಳಗೆ ಎಲೆ ಇರಲು ಸಾಧ್ಯವೇ ಇಲ್ಲ. ಮೇಲಾಗಿ ಕುಂಸಿ ಹಿಂದೆ ಮ್ಯಾಂಗನೀಸ್ ಗಣಿ ನಡೆದ ಊರು. ಡೆಂಡ್ರೈಟ್‌ಗೆ ಬೇಕಾದ ಸರಕು ಅಲ್ಲಿನ ಮಣ್ಣಿನಲ್ಲೇ ಇದೆ.

ನೀವೇ ಖಚಿತ ಮಾಡಿಕೊಳ್ಳಬಹುದು. ಭೂತಗನ್ನಡಿಯಲ್ಲಿ ನೋಡಿ: ಎಲೆಯಾದರೆ ನಡುನರ ಇರಬೇಕು, ಎರಡು ಕಡೆ ಕ್ರಮವಾಗಿ ಕಿರುಎಲೆ ಹೊರಟಿರಬೇಕು, ಕಿರುಎಲೆಯೊಳಗೆ ಮತ್ತೆ ನರ ಕಾಣಬೇಕು. ಡೆಂಡ್ರೈಟ್‌ನಲ್ಲಿ ಕವಲು ಮನಸ್ಸಿಗೆ ಬಂದ ಕಡೆ ಹೊರಡುತ್ತದೆ, ಸಾಮಾನ್ಯವಾಗಿ ಕಲ್ಲಿನ ಅಂಚಿನಿಂದ ಅಥವಾ ಒಂದು ಸಣ್ಣ ಬಿರುಕಿನಿಂದ. ಆಮೇಲೆ ಮೆಡಿಕಲ್ ಶಾಪ್‌ನಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡ್ (3 ಅಥವಾ 6 ಶೇಕಡಾದ್ದು ಸಾಕು) ಒಂದು ಹನಿ ಕಪ್ಪು ಗೆರೆಯ ಮೇಲೆ, ಇನ್ನೊಂದು ಹನಿ ಬರಿಯ ಬೂದು ಕಲ್ಲಿನ ಮೇಲೆ ಬಿಡಿ. ಕಪ್ಪು ಕಡೆ ಮಾತ್ರ ಕೂಡಲೇ ನೊರೆ ಬಂದರೆ ಮ್ಯಾಂಗನೀಸ್ ಆಕ್ಸೈಡ್. ಒಂದು ಎಚ್ಚರ: ಹಾವಸೆ, ಕಲ್ಲುಹೂವು, ಹಸಿ ಬೇರಿನ ಎಳೆ ಇದ್ದರೂ ನೊರೆ ಬರುತ್ತದೆ, ಏಕೆಂದರೆ ಜೀವಕೋಶದ ಕಿಣ್ವವೂ ಪೆರಾಕ್ಸೈಡನ್ನು ಒಡೆಯುತ್ತದೆ. ಹಾಗಾಗಿ ಮೊದಲು ನೀರು, ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಎರಡು ದಿನ ಬಿಸಿಲಿಗಿಡಿ. ತಂತಿ ಬ್ರಷ್, ಎಣ್ಣೆ, ಪಾಲಿಶ್ ಬೇಡ.

ಎರಡನೆಯದರ ಬಗ್ಗೆ: ಒಣಗಿದ ಮೂಳೆಯ ಪಳೆಯುಳಿಕೆ ನಾಲಿಗೆಗೆ ಅಂಟುವುದು ನಿಜ, ಸಣ್ಣ ರಂಧ್ರಗಳು ತೇವ ಎಳೆದುಕೊಳ್ಳುತ್ತವೆ. ಆದರೆ ಜಂಬಿಟ್ಟಿಗೆಯ ರಂಧ್ರಗಳಲ್ಲಿ ತುಂಬಿರುವ ಬಿಳಿ ಶೇಡಿ ಮಣ್ಣೂ ಅದೇ ಕೆಲಸ ಮಾಡುತ್ತದೆ. ಮಲೆನಾಡಿನಲ್ಲಿ ಈ ಪರೀಕ್ಷೆಯನ್ನು ನಂಬಲೇಬೇಡಿ. ಟೈಲ್ಸ್‌ನ ಹಿಂಬದಿಯ ಹೊಳಪಿಲ್ಲದ ಮೇಲ್ಮೈಗೆ ಉಜ್ಜಿ ನೋಡಿ. ಕೆಂಪು-ಕಂದು ಅಥವಾ ಹಳದಿ-ಕಂದು ಗೆರೆ ಬಿದ್ದರೆ ಕಬ್ಬಿಣದ ಆಕ್ಸೈಡ್. ಮೂಳೆಯಾಗಿದ್ದರೆ ಹೊರಗೆ ಗಟ್ಟಿ ಕವಚ, ಒಳಗೆ ಒಂದೇ ಅಳತೆಯ ಸಣ್ಣ ಜಾಲರಿ ಇರಬೇಕು; ನಿಮ್ಮ ಫೋಟೊದಲ್ಲಿ ಕೊಳವೆಗಳು ಒಂದು ಬೆರಳು ದಪ್ಪ, ಇನ್ನೊಂದು ಕಡ್ಡಿ ದಪ್ಪ. ನಮ್ಮ ಹುಳಿ ಮಣ್ಣು, ಈ ಮಳೆಯಲ್ಲಿ ಹೂತ ಮೂಳೆ ಕರಗಿಹೋಗುವುದೇ ಹೆಚ್ಚು.

ಹಳೆಬಂಡೆ

ಮೇಲಿನ ಮಾತು ಪೂರ್ತಿ ಸರಿ. ಆದರೆ ಇದನ್ನು ಓದಿ "ಶಿವಮೊಗ್ಗದಲ್ಲಿ ಹುಡುಕಿ ಪ್ರಯೋಜನವಿಲ್ಲ" ಎಂದು ಯಾರೂ ಕೈಬಿಡಬಾರದು. ಎಲೆ, ಮೂಳೆ, ಚಿಪ್ಪು ಇಲ್ಲ, ನಿಜ. ಸ್ಟ್ರೊಮಟೊಲೈಟ್ ಇದೆ. ಶಿವಮೊಗ್ಗ ಶಿಲಾಪಟ್ಟಿಯ ಚರ್ಟ್ (ಗಟ್ಟಿ ಸಿಲಿಕಾ ಕಲ್ಲು) ಮತ್ತು ಡಾಲಮೈಟ್ (ಮ್ಯಾಗ್ನೀಸಿಯಂ ಬೆರೆತ, ಸುಣ್ಣದ ಕಲ್ಲಿನ ಜಾತಿಯ ಕಲ್ಲು) ಪದರಗಳಲ್ಲಿ ಅವು ಇರುವುದನ್ನು ಭೂವಿಜ್ಞಾನಿಗಳು 1980ರ ದಶಕದಲ್ಲೇ ದಾಖಲಿಸಿದ್ದಾರೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಲೋಳೆ ಪದರ ಕಣಗಳನ್ನು ಹಿಡಿದು, ಪದರದ ಮೇಲೆ ಪದರವಾಗಿ ಕಟ್ಟಿದ ಗುಮ್ಮಟಗಳು ಇವು. ಜಗತ್ತಿನ ಅತಿ ಹಳೆಯ ಜೀವದ ಕುರುಹುಗಳ ಸಾಲಿಗೆ ಸೇರುವಂಥವು ನಮ್ಮ ಜಿಲ್ಲೆಯಲ್ಲೇ ಇವೆ!

ಗುರುತು ಹೀಗೆ. ಡಾಲಮೈಟ್ ಬಂಡೆಯ ಮೇಲ್ಮೈ ಆನೆ ಚರ್ಮದಂತೆ ಸುಕ್ಕುಗಟ್ಟಿರುತ್ತದೆ. ಚಾಕುವಿಗೆ ಗೀರು ಬೀಳುತ್ತದೆ, ನಡುವಿನ ಚರ್ಟ್ ಪಟ್ಟಿಗೆ ಬೀಳುವುದಿಲ್ಲ. ಹತ್ತು ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ಸುಣ್ಣದ ಕಲ್ಲು ಕೂಡಲೇ ನೊರೆಯುತ್ತದೆ. ಡಾಲಮೈಟ್ ಹಾಗಲ್ಲ, ಗೀರಿ ಪುಡಿ ಮಾಡಿ ಅದರ ಮೇಲೆ ಬಿಟ್ಟರೆ ಮಾತ್ರ. ಕನ್ನಡಕ, ಕೈಗವಸು ಇಲ್ಲದೆ ಆಮ್ಲ ಮುಟ್ಟಬೇಡಿ, ಪಳೆಯುಳಿಕೆಯ ಮುಖದ ಮೇಲೆ ಎಂದೂ ಬಿಡಬೇಡಿ, ಹಿಂಬದಿಯ ಮೂಲೆಯಲ್ಲಿ ಸಾಕು.

ಹೆಚ್ಚಿನವರು ತಪ್ಪುವುದು ಮಡಿಕೆಯಲ್ಲಿ. ಧಾರವಾಡ ಬಂಡೆಗಳು ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡಿವೆ, ಮಡಿಕೆಯೂ ಗುಮ್ಮಟದ ಹಾಗೇ ಕಾಣುತ್ತದೆ. ಅಡ್ಡಸೀಳಿನಲ್ಲಿ ನೋಡಬೇಕು. ತಳದ ಪದರ ಸಪಾಟಾಗಿದ್ದು ಅಲ್ಲಿಂದ ಮೇಲೆ ಉಬ್ಬು ಶುರುವಾಗಿದ್ದರೆ, ಅಕ್ಕಪಕ್ಕದ ಉಬ್ಬುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ, ನಡುವಿನ ತಗ್ಗಿನಲ್ಲಿ ಒಡೆದ ಚೂರು ತುಂಬಿದ್ದರೆ ಸ್ಟ್ರೊಮಟೊಲೈಟ್ ಇರಬಹುದು. ತಳದಿಂದ ತುದಿವರೆಗೆ ಎಲ್ಲ ಪದರವೂ ಒಟ್ಟಿಗೆ ಬಾಗಿದ್ದರೆ ಮಡಿಕೆ.

ಫೋಟೊ ಬಗ್ಗೆ ಒಂದು ಮಾತು. ಫ್ಲ್ಯಾಷ್ ಹಾಕಿದರೆ ಉಬ್ಬುತಗ್ಗು ಅಳಿಸಿಹೋಗುತ್ತದೆ. ಬೆಳಕು ಒಂದು ಪಕ್ಕದಿಂದ ಓರೆಯಾಗಿ ಬೀಳಲಿ. ಮಳೆಗಾಲದಲ್ಲಿ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮೇಲ್ಮೈಗೆ 20-30 ಡಿಗ್ರಿಯಲ್ಲಿ ಹಿಡಿದರೂ ಆಗುತ್ತದೆ. ಒಣಗಿದಾಗ ಒಂದು, ಒದ್ದೆ ಮಾಡಿ ಒಂದು. ಸ್ಕೇಲ್ ಇಲ್ಲದಿದ್ದರೆ 10 ರೂಪಾಯಿ ನಾಣ್ಯ ಇಡಿ, ಅದರ ವ್ಯಾಸ 27 ಮಿಲಿಮೀಟರ್. ಬಂಡೆಗೇ ಅಂಟಿಕೊಂಡಿತ್ತೋ ಬಿಡಿಕಲ್ಲೋ ಎಂಬುದನ್ನು ಬರೆಯದ ಫೋಟೊಗೆ ಯಾರೂ ಖಚಿತ ಉತ್ತರ ಕೊಡಲಾರರು. ಮ್ಯಾಪ್‌ನಲ್ಲಿ ಅಕ್ಷಾಂಶ-ರೇಖಾಂಶವನ್ನು ದಶಮಾಂಶದ ಐದು ಸ್ಥಾನದವರೆಗೆ ಬರೆದಿಟ್ಟುಕೊಳ್ಳಿ, ಸುಮಾರು ಒಂದು ಮೀಟರ್ ನಿಖರತೆ ಸಿಗುತ್ತದೆ. ಇಲ್ಲಿ ಹಾಕುವಾಗ ಊರಿನ ಹೆಸರಷ್ಟೇ ಸಾಕು. ಪೂರ್ತಿ ಜಾಗ ಬಹಿರಂಗವಾದರೆ ಮರುವಾರವೇ ಯಾರೋ ಸುತ್ತಿಗೆ ಹಿಡಿದು ಬರುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಭೂಕೋಶ್ ಪೋರ್ಟಲ್‌ನಲ್ಲಿ ನಿಮ್ಮ ಜಾಗದ ಶಿಲಾನಕ್ಷೆ ನೋಡಬಹುದು.

ಸ್ಟ್ರೊಮಟೊಲೈಟ್ ಅನಿಸಿದರೆ ಒಡೆಯಬೇಡಿ. ಬಂಡೆಯಿಂದ ಕಿತ್ತ ಚೂರಿನಲ್ಲಿ ಮೇಲು-ಕೆಳಗು ಯಾವುದೆಂಬುದೇ ಕಳೆದುಹೋಗುತ್ತದೆ. ಫೋಟೊ ತೆಗೆದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಅನ್ವಯಿಕ ಭೂವಿಜ್ಞಾನ ವಿಭಾಗಕ್ಕೆ ತೋರಿಸಿ. ಅರಣ್ಯದೊಳಗಿಂದ ಕಲ್ಲು ತರುವುದು ಕಾನೂನಿನ ಪ್ರಕಾರ ಅಪರಾಧ, ಅದು ನೆನಪಿರಲಿ.

ತೋಟದಮನೆ_ಕುಂಸಿ

ಪೆರಾಕ್ಸೈಡ್ ಬಿಟ್ಟೆ. ಕಪ್ಪು ಗೆರೆ ಮೇಲೆ ತಕ್ಷಣ ನೊರೆ, ಬೂದು ಕಲ್ಲಿನ ಮೇಲೆ ಏನೂ ಇಲ್ಲ. ನಡುನರವೂ ಇಲ್ಲ. ಟೈಲ್ಸ್ ಮೇಲೆ ಎರಡನೆಯ ಕಲ್ಲು ಹಳದಿ-ಕಂದು ಗೆರೆ ಬಿಟ್ಟಿತು. ಇಬ್ಬರಿಗೂ ಧನ್ಯವಾದ.

ತೀರ್ಥಹಳ್ಳಿ_ಭಟ್

ಇದೇ ಎಳೆಯಲ್ಲಿ ಕೇಳುತ್ತೇನೆ, ಕ್ಷಮಿಸಿ. ಮನೆಯ ಸಾಲಿಗ್ರಾಮವೊಂದರ ಚಕ್ರದ ಬಳಿ ಈ ಮಳೆಗಾಲ ಬಿಳಿ-ಹಳದಿ ಪುಡಿ ಏಳುತ್ತಿದೆ, ಒಂಥರಾ ಗಂಧಕದ ವಾಸನೆ. ಒರೆಸಿದರೂ ಮತ್ತೆ ಬರುತ್ತದೆ. ಏನು ಮಾಡಬೇಕು?

ಶಿಲಾಪದರ

ಭಟ್ರೇ, ನಿಮ್ಮದು ನಿಜವಾದ ಪಳೆಯುಳಿಕೆ. ನೇಪಾಳದ ಕಾಳಿಗಂಡಕಿಯ ಕಪ್ಪು ಜೇಡಿಶಿಲೆಯ ಉಂಡೆಯೊಳಗಿನ ಅಮೊನೈಟ್, ಸುಮಾರು 14-16 ಕೋಟಿ ವರ್ಷದ ಹಿಂದಿನ ಸಮುದ್ರಜೀವಿ. ಚಕ್ರದ ಬಳಿ ಚಿನ್ನದ ಬಣ್ಣದ ಮಿನುಗು ಇದ್ದರೆ ಅದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ. ಗಾಳಿಯ ತೇವ 60 ಶೇಕಡಾ ದಾಟಿದರೆ ಅದು ಆಮ್ಲಜನಕದ ಜೊತೆ ಸೇರಿ ಕಬ್ಬಿಣದ ಸಲ್ಫೇಟ್ ಆಗುತ್ತದೆ, ಜೊತೆಗೆ ಗಂಧಕಾಮ್ಲ. ಆ ಆಮ್ಲ ಉಳಿದ ಭಾಗವನ್ನೂ ತಿನ್ನುತ್ತದೆ. ತೀರ್ಥಹಳ್ಳಿಯ ಆಷಾಢದಲ್ಲಿ, ಅದರಲ್ಲೂ ಅಭಿಷೇಕವಾದ ಕೂಡಲೇ ಒದ್ದೆಯಾಗೇ ಸಂಪುಟದಲ್ಲಿ ಮುಚ್ಚಿಟ್ಟರೆ, ಇದಕ್ಕೆ ಹೇಳಿ ಮಾಡಿಸಿದ ಸ್ಥಿತಿ. ಎಣ್ಣೆ ಸವರಿದರೆ ನಿಲ್ಲುವುದಿಲ್ಲ. ಒಳಗಿನ ತೇವ ಒಳಗೇ ಉಳಿಯುತ್ತದೆ.

ಹಾಳಾದ ಭಾಗ ಮರಳಿ ಬರುವುದಿಲ್ಲ, ಮುಂದೆ ಹರಡದಂತೆ ತಡೆಯಬಹುದು. ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ, ನೀರು ಬೇಡ. ನಿಮ್ಮ ಕ್ರಮದಲ್ಲಿ ಅವಕಾಶವಿದ್ದರೆ ಇದೊಂದಕ್ಕೆ ಅಭಿಷೇಕದ ಬದಲು ತುಳಸಿದಳದಿಂದ ಪ್ರೋಕ್ಷಣೆಯಷ್ಟೇ ಮಾಡಿ, ಕೂಡಲೇ ಹತ್ತಿಬಟ್ಟೆಯಲ್ಲಿ ಒರೆಸಿ. ಗಾಳಿಯಾಡದ ಡಬ್ಬಿಯಲ್ಲಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆ ಇಡಿ, ಕಲ್ಲಿಗೆ ನೇರ ತಾಗದಂತೆ. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಎಂದರ್ಥ. ಬೇರೆ ಹಾಕಬೇಕು, ಇಲ್ಲವೇ ಓವನ್‌ನಲ್ಲಿ 120 ಡಿಗ್ರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಕಾಯಿಸಬೇಕು. ಅಡುಗೆ ಪಾತ್ರೆಯಲ್ಲಿ ಕಾಯಿಸಬೇಡಿ, ಆ ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ. ಉಳಿದ ಸಾಲಿಗ್ರಾಮಗಳಲ್ಲಿ ಮಿನುಗು ಇದೆಯೇ ನೋಡಿ. ಇದ್ದರೆ ಅವನ್ನೂ ಈಗಲೇ ಬೇರೆ ಡಬ್ಬಿಗೆ ಹಾಕಿ.